ಪರದೇಶದಲ್ಲಿದ್ದವರಿಗೆ ಮೂರು ವರ್ಷದ ಲೆಕ್ಕವೇ ಬೇರೆ

ಊರಿನ ಬ್ಯಾಂಕಿನಲ್ಲಿ ಸಾಲ ಉಳಿಸಿ ವಿದೇಶಕ್ಕೆ ಹೋದವರು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಕ್ರೆಡಿಟ್ ಕಾರ್ಡ್ ಕಟ್ಟೋದು ನಿಲ್ಲಿಸಿ ಎಂಟು ವರ್ಷ ಆಯ್ತು ಸರ್. ಮೂರು ವರ್ಷ ದಾಟಿದ್ರೆ ಸಾಲ ಬಿದ್ದುಹೋಗುತ್ತಂತಲ್ಲ?’ ಹೇಳಿದವರು ಯಾರು ಎಂದು ಕೇಳಿದರೆ ರೂಮ್‌ಮೇಟ್, ಇಲ್ಲವೇ ಒಂದು ವಿಡಿಯೊ. ಆ ಮಾತು ಅರ್ಧ ನಿಜ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಡಬ್ಲಿನ್‌ನಲ್ಲೋ ದೋಹಾದಲ್ಲೋ ಕೂತವರಿಗೆ ಬೇಕಾದದ್ದು ಆ ಉಳಿದರ್ಧವೇ.

ಅಡಮಾನವಿಲ್ಲದ ಸಾಲದ ವಸೂಲಿಗೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಅದೇ ಕಾಯ್ದೆಯ 15ನೇ ಕಲಮಿನ 5ನೇ ಉಪಕಲಮು ಹೇಳುವುದು ಇಷ್ಟು: ಪ್ರತಿವಾದಿ ಭಾರತದಲ್ಲಿ ಇಲ್ಲದ ಅವಧಿಯನ್ನು ಈ ಲೆಕ್ಕದಿಂದ ಬಿಡಬೇಕು. ನೀವು ವಿಮಾನ ಹತ್ತಿದ ದಿನ ಎಣಿಕೆ ನಿಲ್ಲುತ್ತದೆ, ಇಳಿದ ದಿನ ಮತ್ತೆ ಶುರುವಾಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಒಬ್ಬರು 2015ರ ಮಾರ್ಚ್‌ನಲ್ಲಿ ಕಾರ್ಡ್ ಬಿಲ್ ಕಟ್ಟುವುದನ್ನು ನಿಲ್ಲಿಸಿದರು, ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿಗೆ ಹೋದರು ಎಂದುಕೊಳ್ಳಿ. ಬ್ಯಾಂಕಿನ ಮೂರು ವರ್ಷದಲ್ಲಿ ಅಷ್ಟರೊಳಗೆ ಖರ್ಚಾದದ್ದು ಆರು ತಿಂಗಳು. ಆಮೇಲೆ ವರ್ಷಕ್ಕೊಮ್ಮೆ ಮೂವತ್ತು ದಿನ ರಜೆಗೆ ಬಂದು ಹೋದರೆ ಒಂಬತ್ತು ರಜೆಗಳಿಗೆ 270 ದಿನ, ಹತ್ತಿರ ಹತ್ತಿರ ಒಂಬತ್ತು ತಿಂಗಳು. ಒಟ್ಟು ಒಂದೂಕಾಲು ವರ್ಷ. ಕ್ಯಾಲೆಂಡರಿನಲ್ಲಿ ಒಂಬತ್ತು ವರ್ಷ ಕಳೆದಿದ್ದರೂ ಬ್ಯಾಂಕಿನ ಕೈಯಲ್ಲಿ ಇನ್ನೂ ಒಂದೂಮುಕ್ಕಾಲು ವರ್ಷ ಉಳಿದಿದೆ. ಇದಕ್ಕೆ ಸಾಕ್ಷಿ ನಿಮ್ಮದೇ ಪಾಸ್‌ಪೋರ್ಟಿನ ಮೊಹರುಗಳು. ಹಳೆಯ ಪಾಸ್‌ಪೋರ್ಟ್ ರದ್ದಾಗಿದ್ದರೂ ಎಸೆಯಬೇಡಿ, ಎಷ್ಟು ದಿನ ಇಲ್ಲಿದ್ದಿರಿ ಎಂದು ತೋರಿಸಲು ನಿಮಗೂ ಅದೇ ಬೇಕಾಗುತ್ತದೆ.

ಹಾಗೆಂದು ಬ್ಯಾಂಕಿಗೆ ಇದು ತಾನಾಗಿ ಸಿಗುವ ರಿಯಾಯಿತಿಯಲ್ಲ. ಮೇಲುನೋಟಕ್ಕೆ ಅವಧಿ ಮೀರಿದ ದಾವೆಯಲ್ಲಿ ಯಾವ ಆಧಾರದ ಮೇಲೆ ವಿನಾಯಿತಿ ಕೇಳುತ್ತಿದ್ದೇವೆ ಎಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 6ನೇ ನಿಯಮದಂತೆ ವಾದಪತ್ರದಲ್ಲೇ ಬರೆದಿರಬೇಕು. ಬರೆಯದಿದ್ದರೆ ನಿಮ್ಮ ವಕೀಲರಿಗೆ ವಾದಿಸಲು ಜಾಗವಿದೆ. ಅವಧಿ ಯಾವ ದಿನದಿಂದ ಶುರು ಎಂಬುದೂ ಸಾಲದ ಕರಾರನ್ನು ನೋಡಿಯೇ ಹೇಳಬೇಕಾದ ಮಾತು. ಆದ್ದರಿಂದ ಕಾಗದ ನೋಡದೆ ‘ಏನೂ ಆಗಲ್ಲ ಬಿಡಿ’ ಎನ್ನುವವರನ್ನೂ ನಂಬಬೇಡಿ, ‘ಎಲ್ಲ ಮುಗೀತು’ ಎನ್ನುವವರನ್ನೂ ನಂಬಬೇಡಿ.

ಇನ್ನೂ ಒಂದು ಮಾತು. ಅವಧಿ ನಿಜಕ್ಕೂ ಮುಗಿದಿದ್ದರೂ ಹೋಗುವುದು ದಾವೆ ಹಾಕುವ ಹಕ್ಕು ಮಾತ್ರ, ಸಾಲ ಸಾಲವಾಗಿಯೇ ಇರುತ್ತದೆ. ‘ರೈಟ್ ಆಫ್’ ಎಂದು ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲ ಮರುಪಾವತಿಯ ದಾಖಲೆ) ಕಂಡರೆ ಮನ್ನಾ ಆಯಿತೆಂದು ಸಂತೋಷಪಡುವವರಿದ್ದಾರೆ. ಅದು ಬ್ಯಾಂಕು ತನ್ನ ಪುಸ್ತಕ ಸರಿಮಾಡಿಕೊಂಡ ನಮೂದು, ವಸೂಲಿ ಮುಂದುವರಿಯುತ್ತದೆ. ಅದೇ ಬ್ಯಾಂಕಿನಲ್ಲಿ ನಿಮ್ಮ ಎನ್‌ಆರ್‌ಒ ಖಾತೆಯಿದ್ದು (ಅನಿವಾಸಿಗಳು ಭಾರತದ ಆದಾಯಕ್ಕೆ ಇಡುವ ಖಾತೆ) ಬಾಡಿಗೆ ಹಣ ಬರುತ್ತಿದ್ದರೆ, ಒಂದು ಬೆಳಿಗ್ಗೆ ಆ ಹಣ ಹಳೆಯ ಸಾಲಕ್ಕೆ ಜಮೆಯಾಗಿರಬಹುದು. ಸುಸ್ತಿ ಇರುವ ಬ್ಯಾಂಕಿನಲ್ಲಿ ಉಳಿತಾಯ ಇಡುವುದು ಜಾಣತನವಲ್ಲ.

ಇಷ್ಟು ತಿಳಿದ ಮೇಲೆ ಕೆಲವರು ಗಾಬರಿಯಲ್ಲಿ ಉಲ್ಟಾ ತಪ್ಪು ಮಾಡುತ್ತಾರೆ. ವಸೂಲಿ ಏಜೆಂಟ್ ವಾಟ್ಸಾಪಿನಲ್ಲಿ ‘ಸದ್ಯಕ್ಕೆ ಐದು ಸಾವಿರ ಹಾಕಿ, ಫೈಲ್ ಹೋಲ್ಡ್ ಮಾಡಿಸ್ತೀನಿ’ ಎನ್ನುತ್ತಾನೆ. ಇವರು ಹಾಕುತ್ತಾರೆ, ಜೊತೆಗೆ ‘ಬಾಕಿ ಇರುವುದು ನಿಜ, ಜೂನ್‌ನಲ್ಲಿ ಕೊಡುತ್ತೇನೆ’ ಎಂದು ಬ್ಯಾಂಕಿಗೆ ಇಮೇಲನ್ನೂ ಬರೆಯುತ್ತಾರೆ. ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಅವಧಿಯೊಳಗೆ ಸಹಿ ಮಾಡಿಕೊಟ್ಟ ಒಪ್ಪಿಗೆ, 19ನೇ ಕಲಮಿನಂತೆ ಬರವಣಿಗೆಯಲ್ಲಿ ದಾಖಲಾದ ಭಾಗಶಃ ಪಾವತಿ, ಎರಡೂ ಹೊಸದಾಗಿ ಮೂರು ವರ್ಷ ಕೊಡುತ್ತವೆ. ಅವಧಿ ಮುಗಿದ ಸಾಲಕ್ಕೂ ಜೀವ ಬರುತ್ತದೆ: ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ ಕರಾರು ಕಾಯ್ದೆಯ 25(3)ನೇ ಕಲಮಿನಲ್ಲಿ ಅದೇ ಒಂದು ಹೊಸ ಕರಾರು. ಇಮೇಲನ್ನು ಲಿಖಿತ ಒಪ್ಪಿಗೆ ಎಂದು ನ್ಯಾಯಾಲಯಗಳು ಪರಿಗಣಿಸಿದ್ದುಂಟು. ಮೊದಲ ಪತ್ರದಲ್ಲಿ ಕೇಳಬೇಕಾದದ್ದು ಖಾತೆಯ ಪೂರ್ಣ ವಿವರ, ಸಾಲಪತ್ರದ ಪ್ರತಿ, ಈಗ ಸಾಲ ಯಾರ ಕೈಯಲ್ಲಿದೆ ಎಂಬ ಮಾಹಿತಿ. ‘ಇದು ಬಾಕಿಯನ್ನು ಒಪ್ಪಿಕೊಂಡ ಪತ್ರವಲ್ಲ’ ಎಂಬ ಸಾಲು ಸೇರಿಸಿ. ಅಷ್ಟು ಸಾಕು.

ಸಾಲ ಯಾರ ಕೈಯಲ್ಲಿದೆ ಎಂಬ ಆ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರುವವರೆಗೆ ಒಂದು ಪೈಸೆಯೂ ಕಟ್ಟಬೇಡಿ. ಹಳೆಯ ಸುಸ್ತಿ ಸಾಲಗಳನ್ನು ಬ್ಯಾಂಕುಗಳು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರುತ್ತವೆ. ಮಾರಿದ ಮೇಲೆ ಹಳೆಯ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವನಿಗೆ ವಸೂಲಿಯ ಅಧಿಕಾರವೇ ಇಲ್ಲದಿರಬಹುದು. ಸಾಲ ವರ್ಗಾವಣೆಯಾದ ಬಗ್ಗೆ ಬರಹದ ದಾಖಲೆ ಕೇಳಿ, ಬ್ಯಾಂಕಿನ ದೂರು ವಿಭಾಗಕ್ಕೂ ಬರೆದು ಹೊಂದಿಸಿ ನೋಡಿ. ಯಾರದೋ ಯುಪಿಐ ಸಂಖ್ಯೆಗೆ ಹಾಕಿದ ಹಣ ಸಾಲಕ್ಕೆ ಜಮೆಯಾಗುತ್ತದೆಂಬ ಖಾತ್ರಿಯಿಲ್ಲ. ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ‘ಪಾಸ್‌ಪೋರ್ಟ್ ರದ್ದು ಮಾಡಿಸ್ತೀವಿ’ ಎಂಬುದು ಬರೀ ಬೆದರಿಕೆ, ಸಾಲ ಕಟ್ಟದಿರುವುದು ಒಂದೇ ಕಾರಣಕ್ಕೆ ಪಾಸ್‌ಪೋರ್ಟ್ ರದ್ದಾಗುವುದಿಲ್ಲ. ಆದರೆ ಸಾಲ ಪಡೆಯುವಾಗ ಕೊಟ್ಟ ಖಾಲಿ ಚೆಕ್ಕು ಬೌನ್ಸಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕರಣ ದಾಖಲಾಗಿ, ನಿಮಗೆ ಗೊತ್ತಿಲ್ಲದೆಯೇ ವಾರಂಟ್ ಹೊರಟಿದ್ದರೆ ಪಾಸ್‌ಪೋರ್ಟ್ ನವೀಕರಣಕ್ಕೂ ವಿಮಾನ ನಿಲ್ದಾಣದಲ್ಲೂ ತೊಂದರೆ ನಿಜವಾಗಿಯೇ ಬರಬಹುದು.

ಅದಕ್ಕೇ ಬ್ಯಾಂಕಿಗೆ ಬರೆಯುವ ಮೊದಲೇ ಇ-ಕೋರ್ಟ್ಸ್ ತಾಣದಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ಸಾಲ ಪಡೆದ ಊರು, ಬ್ಯಾಂಕಿನ ಪ್ರಾದೇಶಿಕ ಕಚೇರಿ ಇರುವ ಊರು, ಎರಡರ ನ್ಯಾಯಾಲಯಗಳಲ್ಲೂ ನೋಡಬೇಕು. ಹೆಸರಿನ ಕಾಗುಣಿತ, ಇನಿಶಿಯಲ್ ಹಿಂದೆ ಮುಂದೆ ಮಾಡಿ ಪ್ರಯತ್ನಿಸಿ. 20 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬಾಕಿಯಾದರೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲೂ ಹುಡುಕಬೇಕು. ಸಮನ್ಸ್ ಹಳೆಯ ಬಾಡಿಗೆ ಮನೆಗೆ ಹೋಗಿ, ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಣೆಯಾಗಿ, ನಿಮ್ಮ ವಾದ ಕೇಳದೆಯೇ ಏಕಪಕ್ಷೀಯ ಡಿಕ್ರಿ (ನ್ಯಾಯಾಲಯದ ತೀರ್ಪು) ಆಗಿಬಿಟ್ಟಿರುವುದು ಹೊಸದೇನಲ್ಲ. ಡಿಕ್ರಿಯಾದ ಮೇಲೆ ಮೂರು ವರ್ಷದ ಮಾತೇ ಇಲ್ಲ, ಅಮಲ್ಜಾರಿಗೆ, ಅಂದರೆ ಅದನ್ನು ಜಾರಿಗೆ ತರಲು, ಹನ್ನೆರಡು ವರ್ಷ ಅವಕಾಶವಿದೆ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ರದ್ದು ಮಾಡಿಸಲು ನಿಮಗೆ ಅದು ತಿಳಿದ ದಿನದಿಂದ ಮೂವತ್ತು ದಿನ. ಆದ್ದರಿಂದ ಪರದೆಯ ಮೇಲೆ ‘ಡಿಸ್ಪೋಸ್ಡ್’ (ಪ್ರಕರಣ ಮುಗಿದಿದೆ) ಎಂದು ಕಂಡ ದಿನವೇ ವಕೀಲರನ್ನು ಹಿಡಿಯಬೇಕು, ಮುಂದಿನ ರಜೆಗೆ ಬಂದಾಗ ನೋಡೋಣ ಎನ್ನುವಂತಿಲ್ಲ.

ಇನ್ನು ಊರಿನಲ್ಲಿರುವ ಅಪ್ಪ ಅಮ್ಮ. ಶಿಕ್ಷಣ ಸಾಲದಲ್ಲಿ ತಂದೆಯೋ ತಾಯಿಯೋ ಸಹ-ಸಾಲಗಾರರಾಗಿರುತ್ತಾರೆ. ಜಾಮೀನು ಹಾಕಿದ ಮಾವನ ಹೊಣೆಯೂ ಸಾಲಗಾರನ ಹೊಣೆಯಷ್ಟೇ. ಅವರು ಇಲ್ಲೇ ಇರುವುದರಿಂದ ಅವರ ಮಟ್ಟಿಗೆ ಮೂರು ವರ್ಷದ ಲೆಕ್ಕ ನಿಲ್ಲದೆ ಓಡುತ್ತಿರುತ್ತದೆ. ನೀವು ಅಲ್ಲಿಂದ ಬರೆದುಕೊಟ್ಟ ಒಪ್ಪಿಗೆ ಅಷ್ಟರಿಂದಲೇ ಸಹ-ಸಾಲಗಾರರಾದ ಅವರನ್ನು ಕಟ್ಟಿಹಾಕುವುದಿಲ್ಲ, ಕಾಲಮಿತಿ ಕಾಯ್ದೆಯ 20ನೇ ಕಲಮಿನಲ್ಲಿ ಆ ರಕ್ಷಣೆಯಿದೆ. ಬ್ಯಾಂಕಿನವರಿಗೂ ಇದು ಗೊತ್ತು. ಅದಕ್ಕೇ ಮೂರನೇ ವರ್ಷ ತುಂಬುವ ಮುಂಚೆ ಒಬ್ಬ ಅಧಿಕಾರಿ ಮನೆಗೆ ಬಂದು, ಕಾಫಿ ಕುಡಿದು, ‘ಏನಿಲ್ಲ ಯಜಮಾನರೇ, ಬರೀ ಬ್ಯಾಲೆನ್ಸ್ ಕನ್ಫರ್ಮೇಷನ್’ ಎಂದು ಒಂದು ಹಾಳೆ ಮುಂದಿಡುತ್ತಾರೆ. ಅದು ರಿವೈವಲ್ ಲೆಟರ್, ಬಾಕಿ ಒಪ್ಪಿಕೊಂಡು ಅವಧಿಯನ್ನು ಹೊಸದಾಗಿಸುವ ಪತ್ರ. ಎಪ್ಪತ್ತು ದಾಟಿದ ತಂದೆ, ಮಗನ ಮರ್ಯಾದೆ ಹೋಗಬಾರದೆಂದು, ಓದದೆ ಸಹಿ ಹಾಕುತ್ತಾರೆ. ಅವರ ಪಿಂಚಣಿ ಖಾತೆ ಇರುವುದೂ ಅದೇ ಶಾಖೆಯಲ್ಲಿ. ಈ ವಯಸ್ಸಿನವರನ್ನು ಈ ಸಂಕಟಕ್ಕೆ ಸಿಕ್ಕಿಸಿ, ವಿಷಯವನ್ನೇ ಹೇಳದೆ ಇರುವ ಮಕ್ಕಳ ಮೇಲೆ ನನಗೆ ಸಿಟ್ಟಿದೆ. ಫೋನ್ ಮಾಡಿ ಹೇಳಿ: ಯಾವ ಕಾಗದ ಬಂದರೂ ಫೋಟೊ ತೆಗೆದು ಕಳಿಸಿ, ವಕೀಲರು ನೋಡಿದ ಮೇಲೆ ಸಹಿ. ಮನೆಯ ಪತ್ರ ಅಡವಿಟ್ಟಿದ್ದರೆ ಮಾತು ಬೇರೆ. ಅಲ್ಲಿ ದಾವೆಗೆ ಹನ್ನೆರಡು ವರ್ಷದ ಅವಧಿ. ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅರವತ್ತು ದಿನಗಳ ನೋಟಿಸ್ ಕೊಟ್ಟು, ದಾವೆ ಹಾಕದೆಯೇ ಮನೆಯ ಮೇಲೆ ಕ್ರಮ ಕೈಗೊಳ್ಳಬಹುದು. ಆ ನೋಟಿಸ್ ಬಂದರೆ ಒಂದು ದಿನವೂ ಕಳೆಯಬೇಡಿ.

ತಮ್ಮನಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟು ಕಳಿಸುವವರು ಅದರ ಪದಗಳನ್ನು ಗಮನಿಸಿ. ‘ಬಾಕಿ ಒಪ್ಪಿಕೊಳ್ಳಲು, ಇತ್ಯರ್ಥ ಮಾಡಿಕೊಳ್ಳಲು’ ಎಂದು ಅಚ್ಚಿನ ನಮೂನೆಯಲ್ಲಿದ್ದದ್ದನ್ನು ಹಾಗೇ ಬಿಟ್ಟರೆ ಅವನ ಸಹಿ ನಿಮ್ಮ ಸಹಿಯಾಗುತ್ತದೆ. ದಾಖಲೆ ಪಡೆಯುವುದು, ವಕಾಲತ್ತು ಹಾಕುವುದು ಇಷ್ಟಕ್ಕೇ ಸೀಮಿತಗೊಳಿಸಿ. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಮೇಲೆ, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಗಲ್ಫಿನಲ್ಲಿ ಸಾಲ ಬಿಟ್ಟು ಮಂಗಳೂರು, ಉಡುಪಿ, ಭಟ್ಕಳಕ್ಕೆ ವಾಪಸಾದವರಿಗೂ ಒಂದು ಮಾತು. ಯುಎಇ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಅಮಲ್ಜಾರಿಗೆ ತರಬಹುದೆಂದು 2020ರ ಜನವರಿ 17ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಅಲ್ಲಿಂದ ಬರುವ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ.

ಕೊನೆಗೆ ರಾಜಿ. ಕಟ್ಟಿ ಮುಗಿಸುವ ಮನಸ್ಸಿದ್ದರೆ ಒಂದೇ ಗಂಟಿನಲ್ಲಿ ಕಟ್ಟುವವರ ಮಾತಿಗೆ ಬೆಲೆ ಹೆಚ್ಚು. ಪತ್ರ ಬ್ಯಾಂಕಿನ ಅಥವಾ ಸಾಲ ಕೊಂಡ ಕಂಪನಿಯ ಲೆಟರ್‌ಹೆಡ್‌ನಲ್ಲಿರಲಿ. ಸಾಲದ ಖಾತೆ ಸಂಖ್ಯೆ, ಒಟ್ಟು ಮೊತ್ತ, ಕೊನೆಯ ದಿನ, ಹಣ ಹಾಕಬೇಕಾದ ಖಾತೆ, ಇದೇ ಪೂರ್ಣ ಮತ್ತು ಅಂತಿಮ ಎಂಬ ಮಾತು, ಜಾಮೀನುದಾರರ ಬಿಡುಗಡೆ, ಚೆಕ್ಕುಗಳ ವಾಪಸಾತಿ, ಪ್ರಕರಣ ಹಿಂತೆಗೆತ, ಇಷ್ಟೂ ಅದರಲ್ಲಿರಬೇಕು. ಹೊರದೇಶದಿಂದ ನೇರವಾಗಿ ಸಾಲದ ಖಾತೆಗೆ ಹಣ ಕಳಿಸಬೇಡಿ. ಮಧ್ಯದ ಬ್ಯಾಂಕುಗಳು ಶುಲ್ಕ ಮುರಿದುಕೊಂಡು 1,20,000 ಕಳಿಸಿದ್ದು 1,18,700 ಆಗಿ, ಅದೂ ಎರಡು ದಿನ ತಡವಾಗಿ ತಲುಪಿದರೆ ಒಪ್ಪಂದ ಮುರಿಯಿತು ಎನ್ನಲು ಅವರಿಗೆ ನೆಪ ಸಿಗುತ್ತದೆ. ಮೊದಲು ಬೇರೆ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ಅಥವಾ ಎನ್‌ಆರ್‌ಒ ಖಾತೆಗೆ ತರಿಸಿ, ಅಲ್ಲಿಂದ ಗಡುವಿಗೆ ಒಂದು ವಾರ ಮುಂಚೆ ನೆಫ್ಟ್ ಅಥವಾ ಆರ್‌ಟಿಜಿಎಸ್ ಮಾಡಿ, ಯುಟಿಆರ್ ಸಂಖ್ಯೆಯನ್ನು (ಹಣ ವರ್ಗಾವಣೆಯ ಗುರುತು ಸಂಖ್ಯೆ) ಅದೇ ದಿನ ಇಮೇಲ್ ಮಾಡಿ.

ಎನ್‌ಒಸಿ (ಬಾಕಿಯಿಲ್ಲವೆಂಬ ಪತ್ರ) ಕೈಗೆ ಬಂದು ಒಂದೆರಡು ತಿಂಗಳ ಮೇಲೆ ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಕಡಿಮೆ ಮೊತ್ತಕ್ಕೆ ರಾಜಿಯಾಗಿದ್ದರೆ ‘ಸೆಟಲ್ಡ್’ ಎಂದು ಬರುತ್ತದೆ, ಅದಕ್ಕೆ ತಕರಾರು ನಡೆಯದು. ಇನ್ನೂ ಬಾಕಿ ತೋರಿಸುತ್ತಿದ್ದರೆ ಎನ್‌ಒಸಿ ಲಗತ್ತಿಸಿ ದೂರು ಕೊಡಿ. ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.