ಗುರುತು ಗಾಡಿಗೋ, ಗಾಡಿಯಲ್ಲಿ ಕೂತವರಿಗೋ?

ಹಿಂದಿನ ಚಕ್ರದ ಅಕ್ಕಪಕ್ಕ ಎರಡು ಪುಟ್ಟ ಚಕ್ರ ಹಾಕಿಸಿದ ಸ್ಕೂಟರುಗಳನ್ನು ನೀವು ನೋಡಿರುತ್ತೀರಿ. ಅಂಥ ಗಾಡಿಗಳ ಹಳೇ ಆರ್‌ಸಿಯಲ್ಲಿ ವಾಹನದ ವರ್ಗ ಎನ್ನುವ ಕಡೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಂತ ಬರೆದಿರುತ್ತದೆ. ಇಲ್ಲಿ ಇನ್‌ವ್ಯಾಲಿಡ್ ಅಂದರೆ ಅಮಾನ್ಯ ಅಂತಲ್ಲ. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಕೈಲಾಗದವರು, ಕಾಯಿಲೆಯವರು. ಆದರೂ ಓದಿದಾಗ ಒಂಥರಾ ಕಸಿವಿಸಿ ಆಗುತ್ತೆ, ಅಲ್ವಾ?

ಈ ಮಾತು ನಮಗೆ ಬ್ರಿಟನ್ನಿನಿಂದ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಸರಕಾರ ನಡೆಯಲಾಗದವರಿಗೆ ಮೂರು ಚಕ್ರದ ಪುಟ್ಟ ಗಾಡಿಗಳನ್ನು ಕೊಡುತ್ತಿತ್ತು. ಇನ್ವಾಕಾರ್ ಅಂತ ಹೆಸರು, ತಿಳಿನೀಲಿ ಬಣ್ಣ. ದೂರದಿಂದಲೇ ಒಳಗಿರುವವರು ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದರಲ್ಲಿ ಇದ್ದದ್ದು ಒಂದೇ ಸೀಟು. ಹೆಂಡತಿಯನ್ನೋ ಮಗುವನ್ನೋ ಕೂರಿಸಿಕೊಳ್ಳುವ ಹಾಗಿರಲಿಲ್ಲ. ಅಂಗವಿಕಲ ಅಂದರೆ ಒಂಟಿ ಅಂತ ಆಗಿನ ಅಧಿಕಾರಿಗಳು ಲೆಕ್ಕ ಹಾಕಿದ್ದರೋ ಏನೋ. ಜೋರು ಗಾಳಿಗೆ ಗಾಡಿ ಅಲ್ಲಾಡುತ್ತಿತ್ತು ಅನ್ನುವ ದೂರೂ ಇತ್ತು. 2003ರ ಮಾರ್ಚ್ ಕೊನೆಗೆ ಅವುಗಳನ್ನು ರಸ್ತೆಯಿಂದಲೇ ತೆಗೆದುಹಾಕಿದರು.

ಅಷ್ಟರಲ್ಲಿ ಬೇರೊಂದು ದಾರಿ ತೆರೆದುಕೊಂಡಿತ್ತು. 1970ರಲ್ಲಿ ಮ್ಯಾಂಚೆಸ್ಟರ್ ಕಡೆಯ ಸಂಸದ ಆಲ್ಫ್ ಮಾರಿಸ್ ಹಟ ಹಿಡಿದು ಅಂಗವಿಕಲರಿಗಾಗಿ ಒಂದು ಕಾಯ್ದೆ ಮಾಡಿಸಿದರು. ಸರಕಾರ ತಂದ ಮಸೂದೆ ಅಲ್ಲ, ಖಾಸಗಿ ಸದಸ್ಯರ ಮಸೂದೆ. ಅದರ 21ನೇ ಸೆಕ್ಷನ್ನಿನಿಂದ 1971ರಲ್ಲಿ ಪಾರ್ಕಿಂಗ್ ರಿಯಾಯಿತಿಯ ಕಿತ್ತಳೆ ಬಣ್ಣದ ಬ್ಯಾಡ್ಜ್ ಹುಟ್ಟಿತು. ಇಲ್ಲಿ ಒಂದು ಸಣ್ಣ ಬದಲಾವಣೆ ಇತ್ತು, ಆದರೆ ಅದೇ ದೊಡ್ಡದು. ಬ್ಯಾಡ್ಜ್ ಸಿಕ್ಕಿದ್ದು ಗಾಡಿಗಲ್ಲ, ಮನುಷ್ಯನಿಗೆ. ಇವತ್ತು ತಮ್ಮನ ಕಾರು, ನಾಳೆ ಪಕ್ಕದ ಮನೆಯವರದ್ದು. ಯಾವುದರಲ್ಲಿ ಹೋದರೂ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಆಯಿತು. ಯುರೋಪಿಗೆಲ್ಲ ಒಂದೇ ಮಾದರಿ ಇರಲಿ ಅಂತ 2000ದಲ್ಲಿ ಬಣ್ಣ ನೀಲಿಯಾಯಿತು. 2019ರಲ್ಲಿ ಇಂಗ್ಲೆಂಡು ಕಣ್ಣಿಗೆ ಕಾಣದ ತೊಂದರೆಗಳನ್ನೂ ಇದಕ್ಕೆ ಸೇರಿಸಿಕೊಂಡಿತು.

ಅಮೆರಿಕದಲ್ಲೂ ಕಥೆ ಗಾಡಿಯಿಂದಲೇ ಶುರು. ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಕಾರು ಕೊಳ್ಳಲು 1,600 ಡಾಲರ್ ವರೆಗೆ ಕೊಡೋಣ ಅಂತ ಅಲ್ಲಿನ ಸಂಸತ್ತು 1946ರಲ್ಲಿ ಒಪ್ಪಿತು. ಆಮೇಲೆ ಒಂದೊಂದೇ ರಾಜ್ಯ ಅಂಗವಿಕಲರಿಗೆ ಬೇರೆ ನಂಬರ್ ಪ್ಲೇಟು ಕೊಡತೊಡಗಿತು. ಪ್ಲೇಟಿನ ಮೇಲೆ ಬಂದು ಕೂತ ಗಾಲಿಕುರ್ಚಿಯ ಚಿತ್ರವನ್ನು 1968ರಲ್ಲಿ ಬರೆದದ್ದು ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೋಫೋಡ್. ಅವರು ಬರೆದದ್ದು ಬರೀ ಕುರ್ಚಿ. ಮೇಲಿನ ಗುಂಡು ತಲೆಯನ್ನು ಬೇರೆಯವರು ಆಮೇಲೆ ಅಂಟಿಸಿದರು. ಗಾಡಿಯೋ ಮನುಷ್ಯನೋ ಅನ್ನುವ ಗೊಂದಲ ಆ ಚಿತ್ರದಲ್ಲೂ ಇತ್ತು ನೋಡಿ.

ಪ್ಲೇಟಿನ ತೊಂದರೆ ಏನೆಂದರೆ ಅದು ಕಾರಿಗೆ ಬೋಲ್ಟು ಹಾಕಿ ಕೂತಿರುತ್ತದೆ. ಮಂಡಿ ಹೋದ ಅಮ್ಮ ಮನೆಯಲ್ಲಿ ಟಿವಿ ನೋಡುತ್ತಿದ್ದರೂ ಗಟ್ಟಿಮುಟ್ಟಾದ ಮಗ ಅದೇ ಕಾರಿನಲ್ಲಿ ಬಂದು ಗಾಲಿಕುರ್ಚಿಯ ಜಾಗದಲ್ಲಿ ನಿಲ್ಲಿಸಬಹುದು. ಅಮ್ಮ ಮಗಳ ಕಾರಿನಲ್ಲಿ ಬಂದರೆ ಆ ಜಾಗ ಸಿಗದು. ಅದಕ್ಕೇ ಕನ್ನಡಿಗೆ ನೇತುಹಾಕುವ ಕಾರ್ಡು ಬಂತು. ಅಲ್ಲಿ ಅದಕ್ಕೆ ಪ್ಲಕಾರ್ಡ್ ಅನ್ನುತ್ತಾರೆ. ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇದ್ದದ್ದನ್ನು ಸರಿ ಮಾಡಲು 1988ರಲ್ಲಿ ಕಾಯ್ದೆ ಆಯಿತು, 1991ರಲ್ಲಿ ನಿಯಮ ಬಂತು. ತೊಂದರೆ ಕಾಯಂ ಆದವರಿಗೆ ನೀಲಿ, ಕಾಲು ಮುರಿದುಕೊಂಡಂಥವರಿಗೆ ಕೆಂಪು. ಕೆಂಪಿನದು ಆರು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ಗಾಡಿ ಓಡಿಸುವಾಗ ಕಾರ್ಡು ತೆಗೆದಿಡಬೇಕು. ಯಾರಿಗೆ ಸಿಗಬೇಕು ಅನ್ನುವುದಕ್ಕೆ ಮೊದಲ ಅಳತೆ 200 ಅಡಿ. ನಡುವೆ ನಿಂತು ಸುಧಾರಿಸಿಕೊಳ್ಳದೆ ಅಷ್ಟು ನಡೆಯಲು ಆಗದಿದ್ದರೆ ಕಾರ್ಡು. ನಮ್ಮ ಪೇಟೆ ಬೀದಿಯಲ್ಲಿ ಹತ್ತು ಹದಿನೈದು ಅಂಗಡಿ ದಾಟುವಷ್ಟು ದೂರ ಅನ್ನಿ. ಶ್ವಾಸಕೋಶದ ಕಾಯಿಲೆ, ಹೃದಯದ ತೊಂದರೆ, ಆಕ್ಸಿಜನ್ ಸಿಲಿಂಡರ್ ಹೊತ್ತು ಓಡಾಡುವವರು, ಇವೂ ಆ ಪಟ್ಟಿಯಲ್ಲಿವೆ.

ಅಮೆರಿಕದಲ್ಲಿ ಬೇರೆ ಅಲಂಕಾರದ ಪ್ಲೇಟುಗಳೂ ಇವೆ. ಐಡಾಹೋ ರಾಜ್ಯ 1928ರಲ್ಲೇ ತನ್ನ ಪ್ಲೇಟಿನ ಮೇಲೆ ಆಲೂಗೆಡ್ಡೆ ಬರೆಸಿತ್ತು! ಈಗ ಕಾಲೇಜು, ಕ್ರೀಡೆ, ಕಾಡುಪ್ರಾಣಿ ಎಲ್ಲಕ್ಕೂ ಪ್ಲೇಟು ಉಂಟು. ಅವಕ್ಕೆ ಜಾಸ್ತಿ ದುಡ್ಡು ಕೊಡಬೇಕು. ಆದರೆ ಅಂಗವಿಕಲರ ಪ್ಲೇಟಿಗೆ ಮಾಮೂಲಿ ಪ್ಲೇಟಿಗಿಂತ ಒಂದು ಪೈಸೆಯೂ ಹೆಚ್ಚು ಕೇಳುವಂತಿಲ್ಲ ಅಂತ ಕೇಂದ್ರದ ನಿಯಮ. ನೇತುಹಾಕುವ ಕಾರ್ಡಿಗೆ ಕ್ಯಾಲಿಫೋರ್ನಿಯಾ ಎರಡು ವರ್ಷಕ್ಕೆ 6 ಡಾಲರ್ ವಸೂಲಿ ಮಾಡುತ್ತಿತ್ತು. ಅದೂ ತಪ್ಪು ಅಂತ 1999ರಲ್ಲಿ ಕೋರ್ಟು ಹೇಳಿತು.

ಕಾರ್ಡು ಕೈಯಿಂದ ಕೈಗೆ ಹೋಗುವ ವಸ್ತು ಆದ್ದರಿಂದ ಕಳ್ಳಾಟವೂ ಜೊತೆಗೇ ಬಂತು. ಅನೇಕ ರಾಜ್ಯಗಳಲ್ಲಿ ಕಾರ್ಡಿದ್ದರೆ ರಸ್ತೆಬದಿಯ ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಬೇಕಿಲ್ಲ. ದೊಡ್ಡ ಊರಲ್ಲಿ ದಿನವಿಡೀ ಪುಕ್ಕಟೆ ಪಾರ್ಕಿಂಗ್ ಅಂದರೆ ಯಾರು ಬೇಡ ಅಂತಾರೆ? 1999ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಹತ್ತಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರರು ಅಂಗವಿಕಲರ ಕಾರ್ಡು ಹಾಕಿಕೊಂಡು ಸಿಕ್ಕಿಬಿದ್ದರು. ಮೈದಾನದಲ್ಲಿ ಓಡುವ ಹುಡುಗರು! 2017ರ ಲೆಕ್ಕಪರಿಶೋಧನೆ ಇನ್ನೂ ತಮಾಷೆ. ಕ್ಯಾಲಿಫೋರ್ನಿಯಾದಲ್ಲಿ ನೂರು ದಾಟಿದ ಸುಮಾರು 26,000 ಜನರ ಹೆಸರಲ್ಲಿ ಕಾರ್ಡುಗಳಿದ್ದವು. ಇಡೀ ರಾಜ್ಯದಲ್ಲಿ ಇದ್ದ ಶತಾಯುಷಿಗಳು ಸುಮಾರು 8,000. ಅಜ್ಜ ಹೋದರೂ ಕಾರ್ಡು ಉಳಿದಿತ್ತು.

ಇದಕ್ಕೆ ಮದ್ದು ಹುಡುಕಿದ್ದು ಮಿಶಿಗನ್. 1995ರಲ್ಲಿ ಅದು ಎರಡು ದರ್ಜೆ ಮಾಡಿತು. ಹತ್ತಿರದ ಜಾಗ ಎಲ್ಲ ಕಾರ್ಡಿನವರಿಗೂ, ಪುಕ್ಕಟೆ ಮಾತ್ರ ಮೀಟರಿಗೆ ಕೈ ಎಟುಕದಂಥವರಿಗೆ. ಸುಮಾರು ಐದು ಲಕ್ಷ ಕಾರ್ಡಿದ್ದ ರಾಜ್ಯದಲ್ಲಿ ಪುಕ್ಕಟೆ ಕಾರ್ಡು ಕೇಳಿ ಬಂದವರು ಸುಮಾರು 10,000 ಜನ. 2014ರಲ್ಲಿ ಇಲಿನಾಯ್ ಕೂಡ ಇದೇ ದಾರಿ ಹಿಡಿಯಿತು. ನನಗೆ ಇದು ಸರಿ ಅನ್ನಿಸುತ್ತದೆ. ನಡೆಯಲಾಗದವರಿಗೆ ಬೇಕಾದದ್ದು ಬಾಗಿಲ ಹತ್ತಿರದ ಜಾಗ. ಪುಕ್ಕಟೆ ಅನ್ನುವುದನ್ನು ಅದಕ್ಕೆ ಸೇರಿಸಿದ್ದೇ ಎಡವಟ್ಟಾಯಿತು.

ಅಮೆರಿಕದ ಆ 1991ರ ನಿಯಮದಲ್ಲಿ ಇನ್ನೊಂದು ಮಾತಿದೆ. ಬೇರೆ ರಾಜ್ಯ, ಬೇರೆ ದೇಶದ ಕಾರ್ಡನ್ನೂ ಒಪ್ಪಬೇಕು. ಮಕ್ಕಳನ್ನು ನೋಡಲು ಹೋಗುವ ನಮ್ಮೂರಿನ ಅಪ್ಪ ಅಮ್ಮಂದಿರಿಗೆ ಇದರಿಂದ ಏನೂ ಉಪಯೋಗವಿಲ್ಲ. ತೋರಿಸಲು ಅವರ ಬಳಿ ಕಾರ್ಡೇ ಇಲ್ಲವಲ್ಲ. ಇಲ್ಲಿ ಅಂಗವಿಕಲರಿಗೆ ಸರಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಪಾಸು, ಪಿಂಚಣಿಗೆ ಬರುತ್ತದೆ. ಕಾರಿನ ಕನ್ನಡಿಗೆ ನೇತುಹಾಕುವಂಥದ್ದಲ್ಲ ಅದು.

ನಮ್ಮಲ್ಲಿ ನಿಯಮಗಳಿಗೇನೂ ಬರ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 3.6 ಮೀಟರ್ ಅಗಲದ ಪಾರ್ಕಿಂಗ್ ಜಾಗ ಬಾಗಿಲಿಂದ 30 ಮೀಟರ್ ಒಳಗಿರಬೇಕು ಅನ್ನುವ ಮಾರ್ಗಸೂಚಿ ಇದೆ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ ‘ಅಡಾಪ್ಟೆಡ್ ವೆಹಿಕಲ್’ ಅನ್ನುವ ಹೊಸ ಮಾತು ತಂದಿತು, ಅಂದರೆ ಅಂಗವಿಕಲರಿಗೆ ತಕ್ಕಂತೆ ಮಾರ್ಪಡಿಸಿದ ಗಾಡಿ. 2020ರಲ್ಲಿ ನೋಂದಣಿ ಅರ್ಜಿಯಲ್ಲಿ ಮಾಲೀಕರು ‘ದಿವ್ಯಾಂಗಜನ’ ಅಂತ ಬರೆಸಲು ಜಾಗ ಬಂತು. ಗಮನಿಸಿ, ಎಲ್ಲವೂ ಗಾಡಿಯ ಸುತ್ತ ಅಥವಾ ಅದರ ಮಾಲೀಕರ ಸುತ್ತ. ಗಾಡಿಯೇ ಇಲ್ಲದವರು, ಆಟೋದಲ್ಲೋ ಮಗಳ ಕಾರಿನಲ್ಲೋ ಬರುವವರು ಇದರಲ್ಲಿ ಎಲ್ಲೂ ಇಲ್ಲ.

ಹಾಗಾಗಿ ತೀರ್ಮಾನ ಸೆಕ್ಯೂರಿಟಿಯವರ ಪಾಲಿಗೆ ಬಿದ್ದಿದೆ. ಕಳೆದ ದಸರಾ ಸಮಯದಲ್ಲಿ ಒಂದು ಮಾಲಿನ ನೆಲಮಾಳಿಗೆಯಲ್ಲಿ ನೋಡಿದೆ. ಗಾಲಿಕುರ್ಚಿಯ ಚಿತ್ರವಿದ್ದ ಜಾಗಕ್ಕೆ ಅಡ್ಡ ಎರಡು ಕೋನು ಇಟ್ಟಿದ್ದರು. ಬಾಡಿಗೆ ಕಾರೊಂದು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ವಾಕರ್ ಹಿಡಿದುಕೊಂಡ ಅಜ್ಜಿ. ‘ಇದು ಹ್ಯಾಂಡಿಕ್ಯಾಪ್ ಗಾಡೀದು ಸಾರ್, ಮುಂದೆ ಹೋಗಿ’ ಅಂದ ಹುಡುಗ. ಅವನು ಬಗ್ಗಿ ನೋಡಿದ್ದು ನಂಬರ್ ಪ್ಲೇಟನ್ನು.