ವಕೀಲರಿಲ್ಲದೆ ಕೌಟುಂಬಿಕ ನ್ಯಾಯಾಲಯದಲ್ಲಿ: ಎರಡು ಕಾಯ್ದೆಗಳನ್ನು ಜೋಡಿಸಿ ಓದುವ ಟಿಪ್ಪಣಿ

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯನ್ನು ಓದುವಾಗ ಕಾನೂನು ವಿದ್ಯಾರ್ಥಿಗಳಾದ ನಮ್ಮಲ್ಲಿ ಹೆಚ್ಚಿನವರು ಎಡವುವುದು ಸೆಕ್ಷನ್ 13ರಲ್ಲಿ. 'ಇಲ್ಲಿಗೆ ವಕೀಲರು ಬರುವಂತಿಲ್ಲ' ಎಂದು ಬರೆದುಕೊಂಡು ಮುಂದೆ ಸಾಗುತ್ತೇವೆ. ಸೆಕ್ಷನ್ ಹಾಗೆ ಹೇಳುವುದಿಲ್ಲ. ವಕೀಲರ ಮೂಲಕವೇ ವಾದಿಸುತ್ತೇನೆ ಎಂದು ಯಾವ ಪಕ್ಷಕಾರರೂ ಹಕ್ಕಿನಿಂದ ಕೇಳುವಂತಿಲ್ಲ ಎನ್ನುವುದಷ್ಟೇ ಅದರ ಮಾತು. ನ್ಯಾಯಾಲಯ ಒಪ್ಪಿದರೆ ವಕೀಲರು ಬರಬಹುದು, ದಿನವೂ ಬರುತ್ತಿದ್ದಾರೆ. ಅದೇ ಸೆಕ್ಷನ್ನಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ ನ್ಯಾಯಾಲಯವೇ ಒಬ್ಬ ಕಾನೂನು ತಜ್ಞರನ್ನು ಅಮಿಕಸ್ ಕ್ಯೂರಿಯಾಗಿ, ಅಂದರೆ ನ್ಯಾಯಾಲಯಕ್ಕೆ ನೆರವಾಗುವವರಾಗಿ, ಕರೆಸಿಕೊಳ್ಳಬಹುದು. ಎದುರು ಕಡೆಯಲ್ಲಿ ವಕೀಲರಿದ್ದು ತಾನೊಬ್ಬಳೇ ನಿಂತಿರುವ ಹೆಣ್ಣುಮಗಳು ಇದನ್ನು ನ್ಯಾಯಾಧೀಶರ ಗಮನಕ್ಕೆ ತಂದು ಕೋರಿಕೆ ಸಲ್ಲಿಸಬಹುದು. ಈ ಅವಕಾಶ ಇದೆಯೆಂದು ಹೇಳುವವರೇ ಕಡಿಮೆ.

ಪಕ್ಷಕಾರರು ತಾವೇ ಬಂದು ಮಾತನಾಡುತ್ತಾರೆ ಎಂಬ ನಂಬಿಕೆಯ ಮೇಲೆಯೇ ಈ ಕಾಯ್ದೆ ನಿಂತಿದೆ. ಸೆಕ್ಷನ್ 9ರಂತೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಸೆಕ್ಷನ್ 14ರಂತೆ, ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿಗೆ ಒಗ್ಗದ ದಾಖಲೆಯನ್ನೂ ವಿವಾದ ಬಗೆಹರಿಸಲು ನೆರವಾಗುವುದಾದರೆ ಸ್ವೀಕರಿಸಬಹುದು. ಇಷ್ಟು ಸಡಿಲಿಕೆ ಇದ್ದರೂ ಅರ್ಜಿ, ಆಕ್ಷೇಪಣೆ, ಪ್ರಮಾಣಪತ್ರ (ಅಫಿಡವಿಟ್), ಪಾಟೀ ಸವಾಲು ಯಾವುದೂ ತಪ್ಪುವುದಿಲ್ಲ. 'ಪಾರ್ಟಿ ಇನ್ ಪರ್ಸನ್' ಆಗಿ, ಅಂದರೆ ವಕೀಲರಿಲ್ಲದೆ ತಾವೇ, ಬಂದವರು ಸೋಲುವುದು ಬಹುಪಾಲು ವಾದದಲ್ಲಲ್ಲ, ಈ ಕಾಗದಗಳಲ್ಲಿ.

ಇಲ್ಲಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯನ್ನು ತಂದು ಜೋಡಿಸಿಕೊಳ್ಳಬೇಕು. ಉಚಿತ ಕಾನೂನು ನೆರವು ಎಂದರೆ ವಕೀಲರನ್ನು ಕೊಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಸೆಕ್ಷನ್ 2ರಲ್ಲಿ 'ಕಾನೂನು ಸೇವೆ' ಎಂಬುದರ ಅರ್ಥವಿವರಣೆಯನ್ನು ನೋಡಿ: ಪ್ರಕರಣ ನಡೆಸುವುದರಲ್ಲಿ ಒದಗಿಸುವ ಯಾವುದೇ ಸೇವೆ ಮತ್ತು ಯಾವುದೇ ಕಾನೂನು ವಿಷಯದಲ್ಲಿ ಕೊಡುವ ಸಲಹೆ, ಎರಡೂ ಅದರಲ್ಲಿ ಸೇರಿವೆ. ನನ್ನ ಮಟ್ಟಿಗೆ ಈ ಇಡೀ ಪಾಠದ ತಿರುಳು ಇದೇ. ನ್ಯಾಯಾಲಯದಲ್ಲಿ ತಾನೇ ಮಾತನಾಡುತ್ತೇನೆ ಎನ್ನುವವರೂ ಅರ್ಜಿ ಬರೆಸಿಕೊಳ್ಳಲು, ಬಂದ ನೋಟಿಸ್ ಏನು ಹೇಳುತ್ತದೆಂದು ತಿಳಿಯಲು ಪ್ರಾಧಿಕಾರದ ಬಾಗಿಲು ತಟ್ಟಬಹುದು.

ಯಾರಿಗೆ ಸಿಗುತ್ತದೆ? ಉತ್ತರ ಸೆಕ್ಷನ್ 12ರಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳ ತರುವ ಮಹಿಳೆಯೂ ಅರ್ಹಳು. ಇದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ, ಏಕೆಂದರೆ 'ನಿನಗೆ ಸಂಬಳ ಬರುತ್ತದಲ್ಲ' ಎಂಬ ಮಾತು ಕೇಳಿ ಹಿಂದಿರುಗುವವರು ಇದ್ದಾರೆ. ಉಳಿದವರು ರಾಜ್ಯ ನಿಗದಿಪಡಿಸಿದ ಆದಾಯ ಮಿತಿಯೊಳಗಿರಬೇಕು. ಆದರೆ ಆದಾಯದ ಬಗ್ಗೆ ಅರ್ಜಿದಾರರ ಪ್ರಮಾಣಪತ್ರವನ್ನೇ ಸಾಕೆಂದು ಪರಿಗಣಿಸಲು ಸೆಕ್ಷನ್ 13 ಅವಕಾಶ ಕೊಡುತ್ತದೆ. (ಎರಡೂ ಕಾಯ್ದೆಗಳಲ್ಲಿ 13 ಬರುತ್ತದೆ, ಪರೀಕ್ಷೆಯಲ್ಲಿ ಬೆರೆಸಬೇಡಿ.) ತಾಲ್ಲೂಕಿನಲ್ಲಿ ಸಮಿತಿ, ಜಿಲ್ಲೆಯಲ್ಲಿ ಪ್ರಾಧಿಕಾರ ಇವೆ, ದೂರವಾಣಿಯಲ್ಲಿ ಕೇಳುವುದಾದರೆ ರಾಷ್ಟ್ರೀಯ ಸಹಾಯವಾಣಿ 15100. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ ಮೂರೂ ಇವೆ. ಅಲ್ಲಿ ಸಾಲಿನಲ್ಲಿ ಕಡತ ಹಿಡಿದು ಕುಳಿತ ಎಷ್ಟೋ ಜನರಿಗೆ ನೆರವಿನ ಕಚೇರಿ ಅದೇ ಆವರಣದಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಹಣದ ವಿಷಯದಲ್ಲಿ ಇನ್ನೊಂದು ದಾರಿಯಿದೆ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಂತೆ ಸ್ವಂತ ಆದಾಯ ಸಾಲದ ಪತಿ ಅಥವಾ ಪತ್ನಿ, ಪ್ರಕರಣ ನಡೆಯುವವರೆಗಿನ ಜೀವನಾಂಶದ ಜೊತೆಗೆ ಪ್ರಕರಣದ ಖರ್ಚನ್ನೂ ಎದುರು ಪಕ್ಷದಿಂದ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 125ರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲೂ ಪತ್ನಿಗೆ ಇದಕ್ಕೆ ಅವಕಾಶವಿದೆ. ನೋಟಿಸ್ ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಮಧ್ಯಂತರ ಅರ್ಜಿ ಇತ್ಯರ್ಥವಾಗಬೇಕು ಎಂದು ಎರಡೂ ಹೇಳುತ್ತವೆ.

ಜೀವನಾಂಶದ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಇದನ್ನು ಇಬ್ಬರಿಗೂ ಕಡ್ಡಾಯಗೊಳಿಸಿ, ನಮೂನೆಯನ್ನೂ ಕೊಟ್ಟಿತು. ಬೇಸಾಯದ ಆದಾಯವಿದ್ದವರಿಗೆ ಬೇರೆ ನಮೂನೆ. ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಕೊಡಿಸಬೇಕೆಂದೂ ಹೇಳಿತು. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿ, ಜೊತೆಗೆ ಇಬ್ಬರು ಮಕ್ಕಳು. 'ತಿಂಗಳ ಖರ್ಚು 20,000' ಎಂದು ಒಂದೇ ಸಾಲು ಬರೆದರೆ ಪಾಟೀ ಸವಾಲಿನ ಮೊದಲ ಪ್ರಶ್ನೆಗೇ ಅದು ಅಲುಗಾಡುತ್ತದೆ. ಬಿಡಿಸಿ ಬರೆಯಲಿ: ಬಾಡಿಗೆ 7,000, ದಿನಸಿ ಮತ್ತು ಹಾಲು 6,500, ಶಾಲಾ ಶುಲ್ಕ ವರ್ಷಕ್ಕೆ 36,000, ಅಂದರೆ ತಿಂಗಳಿಗೆ 3,000, ಗ್ಯಾಸ್ ಮತ್ತು ವಿದ್ಯುತ್ 1,500, ಬಸ್ಸಿಗೆ 1,200, ಔಷಧಿಗೆ 800. ಮೊತ್ತ ಅದೇ 20,000. ಆದರೆ ಈಗ ಪ್ರತಿ ಸಾಲಿನ ಹಿಂದೆ ಒಂದು ರಸೀದಿ ಇಡಬಹುದು. ತನ್ನ ಸಂಬಳವನ್ನೂ ಮುಚ್ಚಿಡದೆ ಬರೆಯಬೇಕು. ಇದು ಪ್ರಮಾಣ ಮಾಡಿ ಕೊಡುವ ಹೇಳಿಕೆ. ನೆರವಿನ ವಕೀಲರ ಮುಂದೆ ಕುಳಿತಾಗ ಈ ಪಟ್ಟಿ ಕೈಯಲ್ಲಿದ್ದರೆ ಆ ಅರ್ಧ ಗಂಟೆ ಪೂರ್ತಿ ಪ್ರಯೋಜನಕ್ಕೆ ಬರುತ್ತದೆ.

ಮುದ್ದತಿನ ದಿನಾಂಕಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ಹಣ ಕೊಡದೆ ನೋಡಬಹುದು. ಹೆಸರು ಕೂಗಿದಾಗ ಇಲ್ಲದಿದ್ದರೆ ಪ್ರಕರಣ ವಜಾ ಆಗಬಹುದು, ಇಲ್ಲವೇ ಏಕಪಕ್ಷೀಯವಾಗಿ ಮುಂದುವರಿಯಬಹುದು.

ಕೊನೆಯದಾಗಿ ರಾಜಿಪತ್ರ. ಮಧ್ಯಸ್ಥಿಕೆಯಲ್ಲಿ ಮಾತು ಕುದುರಿದಾಗ, ಓಡಾಟ ಸಾಕಾಗಿದೆ ಎಂದು ತಕ್ಷಣ ಸಹಿ ಹಾಕುವವರು ಬಹಳ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, ಆದರೆ ಇಬ್ಬರೂ ಒಪ್ಪಿ ಆದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ ಎನ್ನುತ್ತದೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 19. ಆದ್ದರಿಂದ ಇಡೀ ಪ್ರಕರಣದಲ್ಲಿ ಒಂದೇ ಒಂದು ಸಲ ವಕೀಲರ ನೆರವು ಪಡೆಯುವುದಾದರೂ ಅದು ಈ ಸಹಿಗೆ ಮುಂಚೆ ಇರಲಿ. ಹಣ ಯಾವ ತಾರೀಖಿಗೆ, ಯಾವ ಖಾತೆಗೆ ಬರುತ್ತದೆ, ಮಗು ಹಬ್ಬದ ರಜೆಯಲ್ಲಿ ಯಾರ ಮನೆಯಲ್ಲಿರುತ್ತದೆ, ಒಡವೆ ಯಾರ ಕೈ ಸೇರುತ್ತದೆ, ಇನ್ನೊಂದು ನ್ಯಾಯಾಲಯದಲ್ಲಿರುವ ಪ್ರಕರಣ ಏನಾಗುತ್ತದೆ ಎಂಬುದನ್ನು ಅವರ ಜೊತೆ ಕುಳಿತು ಸಾಲು ಸಾಲಾಗಿ ಓದಿಸಿಕೊಳ್ಳಬೇಕು.