‘ಎಲ್ಲಿದ್ದೀಯ?’ ಅಂದರೆ ಈಗ ಉತ್ತರ ಕೊಡುವವರು ಯಾರು?

ಲ್ಯಾಂಡ್‌ಲೈನ್ ಕಾಲದಲ್ಲಿ ಫೋನ್ ಎತ್ತಿದವರನ್ನು ಯಾರೂ ‘ಎಲ್ಲಿದ್ದೀಯ?’ ಅಂತ ಕೇಳುತ್ತಿರಲಿಲ್ಲ. ಮನೆ ಫೋನ್ ಎತ್ತಿದ್ದಾರೆ ಅಂದರೆ ಮನೆಯಲ್ಲಿದ್ದಾರೆ, ಅಷ್ಟೇ. ಮೊಬೈಲ್ ಬಂದ ಮೇಲೆ ‘ಹಲೋ’ ಆದ ಕೂಡಲೇ ಬರುವ ಮಾತು ಇದೇ ಆಯಿತು. ಆಗಲೂ ಉತ್ತರ ನಮ್ಮ ಬಾಯಲ್ಲೇ ಇತ್ತು. ಇನ್ನೂ ಮನೆ ಬಿಟ್ಟಿರದಿದ್ದರೂ ‘ದಾರಿಯಲ್ಲಿದ್ದೀನಿ’ ಅನ್ನಬಹುದಿತ್ತು. ಹೇಳಲು ಇಷ್ಟವಿಲ್ಲದಿದ್ದರೆ ‘ಇಲ್ಲೇ ಹೊರಗಡೆ’ ಎಂದು ಸುಮ್ಮನಾಗಬಹುದಿತ್ತು.

ಈಗ ಆ ಉತ್ತರವನ್ನು ಫೋನೇ ಕೊಡುತ್ತಿದೆ. ನಾವು ಕಳಿಸಿದವರಿಗೂ ಹೋಗುತ್ತದೆ, ನಮಗೆ ಗೊತ್ತೇ ಇಲ್ಲದವರಿಗೂ ಹೋಗುತ್ತದೆ. ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಹಿಂದಕ್ಕೆ ಹೋಗಿ ನೋಡಿದರೆ, ಮೊದಮೊದಲಿನ ಹೆಜ್ಜೆಗಳಿಗೆಲ್ಲ ಒಳ್ಳೆಯ ಕಾರಣಗಳೇ ಇದ್ದವು.

ಉಪಗ್ರಹಗಳ ಸಿಗ್ನಲ್‌ನಿಂದ ಜಾಗ ಹೇಳುವ ಜಿಪಿಎಸ್ ಹುಟ್ಟಿದ್ದು ಅಮೆರಿಕದ ಸೇನೆಗಾಗಿ. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯನ್ ಏರ್‌ಲೈನ್ಸ್ ವಿಮಾನವನ್ನು ಹೊಡೆದುರುಳಿಸಿದರು. 269 ಜನ ಸತ್ತರು. ಆಮೇಲೆ ಅಧ್ಯಕ್ಷ ರೊನಾಲ್ಡ್ ರೇಗನ್ ಸರ್ಕಾರ, ಈ ವ್ಯವಸ್ಥೆ ಸಿದ್ಧವಾದಾಗ ಸಾಮಾನ್ಯ ಜನರಿಗೂ ಸಿಗುತ್ತದೆ ಎಂದು ಘೋಷಿಸಿತು. ಸಿಕ್ಕಿತು, ಆದರೆ ಬೇಕಂತಲೇ ತಪ್ಪು ಬೆರೆಸಿದ ಸಿಗ್ನಲ್. ಅದು ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. 2000ನೇ ಇಸವಿಯ ಮೇ 1ರ ಮಧ್ಯರಾತ್ರಿ, ಬಿಲ್ ಕ್ಲಿಂಟನ್ ಆದೇಶದಂತೆ ಆ ತಪ್ಪನ್ನು ತೆಗೆದುಹಾಕಲಾಯಿತು. ಅಲ್ಲಿಯವರೆಗೆ ಯಾವ ಬೀದಿ ಅಂತ ಮಾತ್ರ ಹೇಳುತ್ತಿದ್ದ ಯಂತ್ರ, ಹೆಚ್ಚುಕಡಿಮೆ ಯಾವ ಮನೆ ಅಂತಲೇ ಹೇಳತೊಡಗಿತು.

ಇನ್ನೊಂದು ಕಡೆ, ಮೊಬೈಲ್‌ನಿಂದ ತುರ್ತು ಕರೆ ಮಾಡಿದವರು ಎಲ್ಲಿದ್ದಾರೆ ಅಂತ ಗೊತ್ತಾಗಲೇಬೇಕು ಎಂಬ ನಿಯಮವನ್ನು ಅಮೆರಿಕ 1996ರಲ್ಲೇ ತಂದಿತ್ತು. ಅಪಘಾತವಾಗಿ ರಸ್ತೆಬದಿ ಬಿದ್ದವರಿಗೆ ತಾವಿರುವ ಜಾಗ ಹೇಳಲು ಆಗದಿರಬಹುದು, ಅಲ್ವಾ? ಜೀವ ಉಳಿಸುವ ನಿಯಮ ಅದು. ‘ಲೊಕೇಶನ್ ಆಫ್ ಮಾಡಿಬಿಡಿ, ಮುಗೀತು’ ಅಂತ ಹೇಳಲು ನನಗೆ ಮನಸ್ಸು ಬರದಿರುವುದು ಇದೇ ಕಾರಣಕ್ಕೆ.

ಎಲ್ಲಿದ್ದೇವೆ ಅಂತ ಊರಿಗೆಲ್ಲ ಹೇಳುವುದು ಆಟವಾದದ್ದು 2009ರಲ್ಲಿ. ಆ ಮಾರ್ಚ್‌ನಲ್ಲಿ ಫೋರ್‌ಸ್ಕ್ವೇರ್ ಎಂಬ ಆ್ಯಪ್ ಬಂತು. ಹೋದಲ್ಲೆಲ್ಲ ‘ಚೆಕ್-ಇನ್’ ಮಾಡಬೇಕು, ಅಂದರೆ ‘ಈಗ ಇಲ್ಲಿದ್ದೇನೆ’ ಅಂತ ಬಟನ್ ಒತ್ತಿ ಹೇಳಬೇಕು. ಒಂದೇ ಜಾಗಕ್ಕೆ ಜಾಸ್ತಿ ಸಲ ಹೋದವರು ಆ ಜಾಗದ ‘ಮೇಯರ್’. ಮರುವರ್ಷ ಫೇಸ್‌ಬುಕ್ ಕೂಡ ಚೆಕ್-ಇನ್ ತಂದಿತು. 2010ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸ್‌ನ ಮೂವರು ಯುವಕರು ‘ಪ್ಲೀಸ್ ರಾಬ್ ಮಿ’ ಎಂಬ ತಾಣ ಮಾಡಿದರು. ಹೆಸರಿನ ಅರ್ಥ ‘ದಯವಿಟ್ಟು ನನ್ನ ಮನೆ ದೋಚಿ’. ಅದರಲ್ಲಿ ಹೊಸ ಮಾಹಿತಿ ಏನೂ ಇರಲಿಲ್ಲ. ಜನ ತಾವಾಗಿಯೇ ಟ್ವಿಟರ್‌ನಲ್ಲಿ ಹಾಕಿದ ಚೆಕ್-ಇನ್‌ಗಳನ್ನು ಸಾಲಾಗಿ ಜೋಡಿಸಿದ್ದರು, ಅಷ್ಟೇ. ನಾನು ಇಲ್ಲಿದ್ದೇನೆ ಅಂದರೆ ಮನೆಯಲ್ಲಿ ಇಲ್ಲ ಅಂತಲೂ ಅರ್ಥ ಎಂಬುದು ಆಗ ಎಷ್ಟೋ ಜನರಿಗೆ ಹೊಳೆಯಿತು. ಮನೆ ಎಲ್ಲಿದೆ ಅಂತ ಕಳ್ಳನಿಗೆ ಹೇಗೆ ಗೊತ್ತಾಗಬೇಕು ಅಂದಿರಾ? ಊಟಕ್ಕೆ ಬಂದ ಗೆಳೆಯ ನಿಮ್ಮ ಮನೆಯಲ್ಲೇ ಚೆಕ್-ಇನ್ ಮಾಡಿದರೆ ಸಾಕು.

ಆ ಹೊತ್ತಿಗೆ ಗೂಗಲ್‌ನ ಲ್ಯಾಟಿಟ್ಯೂಡ್ ಕೂಡ ಇತ್ತು. ಬಟನ್ ಒತ್ತುವ ಕೆಲಸವಿಲ್ಲ, ನಾವು ಓಡಾಡಿದಂತೆ ಗೆಳೆಯರ ನಕ್ಷೆಯಲ್ಲಿ ನಮ್ಮ ಗುರುತೂ ಓಡಾಡುತ್ತಿತ್ತು. ಅದರಲ್ಲಿ ಒಂದು ಸೌಲಭ್ಯ ನನಗೆ ತುಂಬ ಇಷ್ಟ. ಊರಿನ ಹೆಸರಷ್ಟೇ ಕಾಣುವಂತೆ ಮಾಡಬಹುದಿತ್ತು. ಬೇಕಿದ್ದರೆ ನಕ್ಷೆಯಲ್ಲಿ ಬೇರೆ ಜಾಗವನ್ನೇ ಗುರುತು ಹಾಕಬಹುದಿತ್ತು. ಅಂದರೆ ‘ದಾರಿಯಲ್ಲಿದ್ದೀನಿ’ ಅನ್ನುವ ಹಳೆಯ ಸ್ವಾತಂತ್ರ್ಯ ಅಲ್ಲಿ ಉಳಿದಿತ್ತು. 2013ರಲ್ಲಿ ಲ್ಯಾಟಿಟ್ಯೂಡ್ ಮುಚ್ಚಿತು.

ಇಲ್ಲಿಯವರೆಗೆ ಹೇಳಿದ್ದು ಗೊತ್ತಿದ್ದು ಹಂಚಿಕೊಂಡವರ ಕಥೆ. ಗೊತ್ತಿಲ್ಲದೆ ಹೊರಗೆ ಹೋಗುವ ಮಾಹಿತಿಯದು ಬೇರೆಯೇ ಕಥೆ.

ಡಿಜಿಟಲ್ ಫೋಟೊದ ಒಳಗೆ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ. ಯಾವ ಕ್ಯಾಮೆರಾ, ಯಾವ ಹೊತ್ತು ಎಂಬುದರ ಜೊತೆಗೆ, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಅದರಲ್ಲಿ ಸೇರುತ್ತದೆ. 2012ರ ಡಿಸೆಂಬರ್‌ನಲ್ಲಿ ಮಧ್ಯ ಅಮೆರಿಕದ ಬೆಲೀಝ್ ದೇಶದ ಪೊಲೀಸರ ಕೈಗೆ ಸಿಗದೆ ಅಡಗಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೇ. ಪತ್ರಕರ್ತರು ಹಾಕಿದ ಒಂದು ಫೋಟೊದಲ್ಲಿ ಆ ಟಿಪ್ಪಣಿ ಹಾಗೇ ಉಳಿದಿತ್ತು. ಈಗ ದೊಡ್ಡ ಸೋಶಿಯಲ್ ಮೀಡಿಯಾ ತಾಣಗಳು ಎಲ್ಲರಿಗೂ ತೋರಿಸುವ ಫೋಟೊದಿಂದ ಅದನ್ನು ತೆಗೆದುಹಾಕುತ್ತವೆ. ಆದರೆ ಅದೇ ಫೋಟೊವನ್ನು ಇಮೇಲ್‌ನಲ್ಲೋ, ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೋ ಕಳಿಸಿದರೆ ಟಿಪ್ಪಣಿಯೂ ಜೊತೆಗೇ ಹೋಗುತ್ತದೆ.

ಫೋಟೊ ತೆಗೆಯದಿದ್ದರೂ ಫೋನ್ ಬರೆದಿಟ್ಟುಕೊಳ್ಳುತ್ತದೆ. ಐಫೋನ್ ಹತ್ತಿರದ ಟವರ್ ಮತ್ತು ವೈಫೈಗಳ ಜಾಗವನ್ನು ಒಂದು ಫೈಲ್‌ನಲ್ಲಿ ತಿಂಗಳುಗಟ್ಟಲೆ ಕೂಡಿಡುತ್ತಿದೆ ಎಂದು ಇಬ್ಬರು ಸಂಶೋಧಕರು 2011ರ ಏಪ್ರಿಲ್‌ನಲ್ಲಿ ತೋರಿಸಿದರು. ಅದಕ್ಕೆ ಬೀಗವೂ ಇರಲಿಲ್ಲ. ಅದೇ ವರ್ಷ ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಸ್ ಮಾಡಿದ ಕೆಲಸವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ತನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಕೊಡಿ ಎಂದು ಅವರು ತಮ್ಮ ಫೋನ್ ಕಂಪನಿ ಡಾಯ್ಚ ಟೆಲಿಕಾಮ್ ಮೇಲೆ ಕೇಸ್ ಹಾಕಿದ್ದರು. ಕೊನೆಗೆ ಸಿಕ್ಕಿದ್ದು ಆರು ತಿಂಗಳ 35,830 ದಾಖಲೆಗಳು. ಅದನ್ನೆಲ್ಲ ಅವರು ಪತ್ರಿಕೆಯೊಂದಕ್ಕೆ ಕೊಟ್ಟರು. ನಕ್ಷೆಯ ಮೇಲೆ ಹಾಕಿ ನೋಡಿದರೆ ಒಬ್ಬ ಮನುಷ್ಯನ ಜೀವನವೇ ಅಲ್ಲಿ ಓಡುತ್ತಿತ್ತು. ಯಾವಾಗ ರೈಲಿನಲ್ಲಿದ್ದರು, ಯಾವ ಊರಲ್ಲಿ ರಾತ್ರಿ ಕಳೆದರು, ಯಾವ ಹೊತ್ತಿಗೆ ಫೋನ್ ಸುಮ್ಮನಿತ್ತು, ಎಲ್ಲವೂ. ಇದರಲ್ಲಿ ಅವರು ಆಡಿದ ಮಾತು ಒಂದೂ ಇರಲಿಲ್ಲ.

ಎರಡು ವರ್ಷದ ನಂತರ, 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಹೆಸರು, ನಂಬರು ತೆಗೆದ ದಾಖಲೆಗಳು ಅವು. ಆದರೂ ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕರೆ, 100ರಲ್ಲಿ 95 ಜನರನ್ನು ಆ ರಾಶಿಯಲ್ಲಿ ಬೇರೆಯಾಗಿ ಗುರುತಿಸಬಹುದಿತ್ತು. ಯೋಚಿಸಿದರೆ ಆಶ್ಚರ್ಯವೇನಿಲ್ಲ. ರಾತ್ರಿ ನೀವು ಮಲಗುವ ಮನೆಯಲ್ಲೇ ಮಲಗಿ, ಹಗಲು ನೀವು ಕೆಲಸ ಮಾಡುವ ಕಡೆಯೇ ಕೆಲಸ ಮಾಡುವವರು ಇನ್ನೆಷ್ಟು ಜನ ಇರುತ್ತಾರೆ? ‘ನಾವು ಹೆಸರು ಸಂಗ್ರಹಿಸುವುದಿಲ್ಲ’ ಎಂಬ ಆ್ಯಪ್‌ಗಳ ಮಾತನ್ನು ಕಂಡಾಗೆಲ್ಲ ನನಗೆ ಈ ನಾಲ್ಕು ಬಿಂದುಗಳ ನೆನಪಾಗುತ್ತದೆ.

ಹೀಗೆ ‘ಹೆಸರಿಲ್ಲದ’ ದಾಖಲೆಗಳ ವ್ಯಾಪಾರವೇ ಬೆಳೆದಿದೆ. ಹವಾಮಾನ ತೋರಿಸುವ ಆ್ಯಪ್ ಇರಲಿ, ಆಟದ ಆ್ಯಪ್ ಇರಲಿ, ಅದರೊಳಗೆ ಬೇರೆ ಕಂಪನಿಯ ಒಂದು ತುಂಡು ಕೋಡ್ ಇರಬಹುದು. ಅದು ಫೋನಿನ ಜಾಗವನ್ನು, ಜಾಹೀರಾತಿಗಾಗಿ ಆ ಫೋನಿಗೆ ಕೊಟ್ಟಿರುವ ಗುರುತಿನ ಸಂಖ್ಯೆಯೊಂದಿಗೆ ಕಳಿಸುತ್ತದೆ. ಅಲ್ಲಿಂದ ಕೈಯಿಂದ ಕೈಗೆ ಮಾರಾಟ. 2019ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಇಂಥ ಒಂದೇ ಫೈಲ್‌ನಲ್ಲಿ 1.2 ಕೋಟಿಗೂ ಹೆಚ್ಚು ಫೋನುಗಳ 5,000 ಕೋಟಿಗೂ ಹೆಚ್ಚು ಲೊಕೇಶನ್ ದಾಖಲೆಗಳು ಸಿಕ್ಕಿದ್ದವು. ಅದರಲ್ಲಿ ಹೆಸರುಗಳಿರಲಿಲ್ಲ. ಯಾರದು ಎಂದು ಪತ್ತೆ ಮಾಡಲು ಪತ್ರಕರ್ತರಿಗೆ ಕಷ್ಟವೂ ಆಗಲಿಲ್ಲ.

ಒಬ್ಬರ ಗುಟ್ಟು ಅಲ್ಲದ್ದು ಎಲ್ಲರದೂ ಸೇರಿದಾಗ ಗುಟ್ಟಾಗಬಹುದು ಎಂದು ತೋರಿಸಿದ್ದು ಸ್ಟ್ರಾವಾ. ಓಟ, ಸೈಕಲ್ ಸವಾರಿ ದಾಖಲಿಸುವ ಆ್ಯಪ್ ಅದು. 2017ರ ನವೆಂಬರ್‌ನಲ್ಲಿ 100 ಕೋಟಿ ಓಟ-ಸವಾರಿಗಳನ್ನು ಕೂಡಿಸಿ ಅದು ಒಂದು ನಕ್ಷೆ ಹೊರತಂದಿತು. ಜನ ಜಾಸ್ತಿ ಓಡಿದ ದಾರಿ ಜಾಸ್ತಿ ಹೊಳೆಯುತ್ತದೆ. ಊರುಗಳೆಲ್ಲ ಬೆಳಕಿನ ಮುದ್ದೆಯಾಗಿದ್ದವು. ಎರಡು ತಿಂಗಳ ನಂತರ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಕತ್ತಲಿದ್ದ ಕಡೆಗಳನ್ನು ಹುಡುಕಿದರು. ಅಫ್ಘಾನಿಸ್ತಾನ, ಸಿರಿಯಾದಂಥ ಕಡೆ ಏನೂ ಇಲ್ಲದ ಬಯಲಿನಲ್ಲಿ ಪುಟ್ಟ ಹೊಳೆಯುವ ಗೆರೆಗಳು ಕಂಡವು. ಅವು ಸೇನಾ ನೆಲೆಗಳು. ಒಳಗೆ ಸೈನಿಕರು ವ್ಯಾಯಾಮಕ್ಕೆಂದು ಓಡುತ್ತಿದ್ದರು.

ದೂರ ಮಾತ್ರ ತೋರಿಸಿದರೆ ಅಪಾಯವಿಲ್ಲ ಅಂತ ಕೆಲವು ಡೇಟಿಂಗ್ ಆ್ಯಪ್‌ಗಳು ನಂಬಿದ್ದವು. ‘ಇವರು 2 ಕಿಲೋಮೀಟರ್ ದೂರದಲ್ಲಿದ್ದಾರೆ’ ಎಂದಷ್ಟೇ ಹೇಳುತ್ತವೆ. ಮೂರು ಬೇರೆ ಬೇರೆ ಕಡೆಯಿಂದ ಆ ದೂರವನ್ನು ನೋಡಿ, ನಕ್ಷೆಯ ಮೇಲೆ ಮೂರು ವೃತ್ತ ಎಳೆಯಿರಿ. ಮೂರೂ ಸೇರುವ ಕಡೆಯೇ ಆ ವ್ಯಕ್ತಿ. ಟಿಂಡರ್‌ನಲ್ಲಿ ಹೀಗೆ ಪತ್ತೆ ಮಾಡಬಹುದಿತ್ತು ಎಂದು 2014ರಲ್ಲಿ ಭದ್ರತಾ ತಜ್ಞರು ಬಹಿರಂಗಪಡಿಸಿದರು. ಆ ದೋಷ ಸರಿಯಾಯಿತು.

ಕಳ್ಳ, ಕಂಪನಿ, ಅಪರಿಚಿತ ಇವರೆಲ್ಲರಿಗಿಂತ ನನಗೆ ಭಯ ಹುಟ್ಟಿಸುವವರು ಹತ್ತಿರದವರು. ವಾಟ್ಸ್ಆ್ಯಪ್‌ಗೆ ಲೈವ್ ಲೊಕೇಶನ್ ಬಂದದ್ದು 2017ರಲ್ಲಿ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರೇ ಆಯ್ಕೆ, ಆಮೇಲೆ ತಾನೇ ನಿಲ್ಲುತ್ತದೆ. ಇದು ಸರಿಯಾದ ಕ್ರಮ. ಆದರೆ ಬೇರೆ ಎಷ್ಟೋ ಕಡೆ ಒಮ್ಮೆ ಕೊಟ್ಟರೆ ನಾವೇ ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಕೊಟ್ಟಂತೆಯೇ. ರಾತ್ರಿ ಒಬ್ಬಳೇ ಬರುವಾಗ ಧೈರ್ಯಕ್ಕೆ ಅಂತ ಶುರುವಾದದ್ದು, ‘ಅಲ್ಲಿಗೆ ಯಾಕೆ ಹೋಗಿದ್ದೆ?’ ಎಂಬ ವಿಚಾರಣೆಗೆ ತಿರುಗಬಹುದು. ಹಂಚಿಕೆ ನಿಲ್ಲಿಸಿದರೆ ‘ಏನು ಮುಚ್ಚಿಡ್ತಾ ಇದ್ದೀಯ?’ ಎಂಬ ಪ್ರಶ್ನೆ. ಇದನ್ನು ಪ್ರೀತಿ ಅಂತ ಕರೆಯಲು ನಾನು ಒಪ್ಪುವುದಿಲ್ಲ. 2021ರಲ್ಲಿ ಆ್ಯಪಲ್‌ನ ಏರ್‌ಟ್ಯಾಗ್ ಬಂದ ಮೇಲಂತೂ ಇನ್ನೊಬ್ಬರ ಫೋನ್ ಕೂಡ ಬೇಕಾಗಲಿಲ್ಲ. ಕೀಲಿಕೈ ಕಳೆಯಬಾರದು ಅಂತ ಮಾಡಿದ, ತಾನಿರುವ ಜಾಗವನ್ನು ಮಾಲೀಕರ ಫೋನಿಗೆ ತಿಳಿಸುವ ಬಿಲ್ಲೆಯನ್ನು ಬೇರೆಯವರ ಬ್ಯಾಗಿಗೆ, ಕಾರಿಗೆ ಸೇರಿಸಿದ ಪ್ರಕರಣಗಳು ಬಂದವು. ಗೊತ್ತಿಲ್ಲದ ಟ್ರ್ಯಾಕರ್ ಜೊತೆಗೇ ಬರುತ್ತಿದೆ ಎಂದು ಐಫೋನ್, ಆ್ಯಂಡ್ರಾಯ್ಡ್ ಎರಡರಲ್ಲೂ ಎಚ್ಚರಿಸುವ ಒಂದೇ ವ್ಯವಸ್ಥೆ ಸಿದ್ಧವಾಗಲು 2024ರ ಮೇ ಬರಬೇಕಾಯಿತು.

ಫೋನಿನಲ್ಲಿ ನಮ್ಮ ಕೈಗೆ ಅಧಿಕಾರ ಮರಳಿದ್ದೂ ಇತ್ತೀಚೆಗೆ. ಆ್ಯಪ್ ಬಳಸುವಾಗ ಮಾತ್ರ ಲೊಕೇಶನ್ ಕೊಡುವ ಆಯ್ಕೆ ಆ್ಯಂಡ್ರಾಯ್ಡ್‌ಗೆ ಬಂದದ್ದು 2019ರಲ್ಲಿ. ಅಂದಾಜು ಜಾಗ ಮಾತ್ರ ಕೊಡುವ ಆಯ್ಕೆ ಐಫೋನ್‌ಗೆ 2020ರಲ್ಲಿ, ಆ್ಯಂಡ್ರಾಯ್ಡ್‌ಗೆ 2021ರಲ್ಲಿ ಬಂತು. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಪಟ್ಟಿ ತೆರೆದು ‘ಯಾವಾಗಲೂ’ ಎಂದಿರುವ ಆ್ಯಪ್‌ಗಳನ್ನು ಒಮ್ಮೆ ನೋಡಿ. ಮಳೆ ಬರುತ್ತದಾ ಅಂತ ಹೇಳಲು ಆ್ಯಪ್‌ಗೆ ನಿಮ್ಮ ಮನೆ ಬಾಗಿಲು ಗೊತ್ತಿರಬೇಕಿಲ್ಲ. ಪ್ರವಾಸದ ಫೋಟೊ ಅಲ್ಲಿಂದ ಹೊರಟ ಮೇಲೆ ಹಾಕಿದರೂ ಅಷ್ಟೇ ಚೆನ್ನಾಗಿರುತ್ತದೆ. ಇನ್ನೊಂದು ಮಾತು. ಜೊತೆಗಿರುವವರನ್ನು ಟ್ಯಾಗ್ ಮಾಡುವ ಮುಂಚೆ ಕೇಳಿ. ಅವರು ಯಾರ ಕಣ್ಣು ತಪ್ಪಿಸಿ ಬದುಕುತ್ತಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ.

ಮನೆಯೊಳಗಿನವರೇ ಬೆನ್ನು ಹತ್ತಿದ್ದಾರೆ ಅನ್ನಿಸಿದವರು ಮಾತ್ರ ಈ ಸೆಟ್ಟಿಂಗ್‌ಗಳನ್ನು ಅವಸರದಲ್ಲಿ ಬದಲಾಯಿಸಬೇಡಿ. ಹಂಚಿಕೆ ನಿಂತದ್ದು ಆ ಕಡೆಯವರಿಗೆ ಕೂಡಲೇ ಕಾಣುತ್ತದೆ, ಸಿಟ್ಟು ಅಪಾಯಕ್ಕೆ ತಿರುಗಬಹುದು. ಸಿಕ್ಕ ಟ್ರ್ಯಾಕರ್‌ನ ಫೋಟೊ ತೆಗೆದಿಡಿ, ಅದೇ ಸಾಕ್ಷಿ. ನಂಬುವ ಒಬ್ಬರ ಜೊತೆ, ಇಲ್ಲವೇ ಸಹಾಯವಾಣಿಯ ಜೊತೆ ಮೊದಲು ಮಾತಾಡಿ. ಆ ಕರೆಯನ್ನು ನಿಮ್ಮ ಫೋನಿನಿಂದ ಮಾಡಬೇಡಿ, ಬೇರೆಯವರ ಫೋನ್ ಕೇಳಿ ಪಡೆದು ಮಾಡಿ.